ಅಂಗಾಲಿನ ಕಪ್ಪು ಕಲೆಯೆಲ್ಲ ಆಣಿಯಲ್ಲ

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಅಲ್ಲಿ ದಿನಾ ಖರ್ಚಾಗುವ ಮಾಲುಗಳಲ್ಲಿ ಕಾರ್ನ್ ಕ್ಯಾಪ್ ಕೂಡ ಒಂದು. ಆಣಿಗೆ ಅಂಟಿಸುವ ಪಟ್ಟಿ. ಅದರಲ್ಲಿರುವ ಸ್ಯಾಲಿಸಿಲಿಕ್ ಆಸಿಡ್ ಗಟ್ಟಿ ಚರ್ಮವನ್ನು ಮೆತ್ತಗೆ ಮಾಡಿ ಸುಲಿಯುತ್ತದೆ. ಆನಗೋಡು ಕಡೆಯ ರೈತರು, ಎಪಿಎಂಸಿಯ ಹಮಾಲರು, ಮಂಡಕ್ಕಿ ಭಟ್ಟಿಯಲ್ಲಿ ಇಡೀ ದಿನ ನಿಂತು ಕೆಲಸ ಮಾಡುವವರು ಬಂದು ಕೇಳುತ್ತಾರೆ. ನಾನು ಕೊಡುತ್ತೇನೆ. ಯಾರ ಕಾಲನ್ನೂ ನೋಡುತ್ತಿರಲಿಲ್ಲ. ಕೌಂಟರಿನ ಆಚೆ ನಿಂತವರ ಕಾಲು ನನಗೆ ಕಾಣುವುದೂ ಇಲ್ಲ ಬಿಡಿ.

ನಮ್ಮ ದೊಡ್ಡಪ್ಪನಿಗೂ ಹಾಗೇ ಕೊಟ್ಟೆ. ಎರಡು ಸಲ.

ಅವರ ಊರು ಮಾಯಕೊಂಡದ ಹತ್ತಿರ. ಮೆಕ್ಕೆಜೋಳದ ಹೊಲ, ಎರಡು ಎತ್ತು, ವಯಸ್ಸು 63. ಎಡಗಾಲಿನ ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ಕಪ್ಪು ಕಲೆ ಇತ್ತು. ಮೊದಲು ಅದು ಜಾಲಿ ಮುಳ್ಳು ಮುರಿದು ಒಳಗೆ ಉಳಿದದ್ದು ಅಂತಾಯಿತು. ದೊಡ್ಡಮ್ಮ ಎಕ್ಕದ ಹಾಲು ಹಚ್ಚಿದರು. ಆಮೇಲೆ ಅದು ಆಣಿ ಅಂತಾಯಿತು. ದೊಡ್ಡಪ್ಪ ಸ್ನಾನ ಮಾಡಿದ ಮೇಲೆ ಬ್ಲೇಡಿನಿಂದ ಕೆತ್ತಿಕೊಳ್ಳುತ್ತಿದ್ದರು. ಒಂದು ದಿನ ಅದು ಒಸರತೊಡಗಿತು. ಆಗ ಒಬ್ಬ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಶುಗರ್ ಸ್ವಲ್ಪ ಜಾಸ್ತಿ ಇದೆ, ಇದು ಶುಗರ್ ಗಾಯ ಅಂದರು. ಮೂರು ತಿಂಗಳು ಡ್ರೆಸಿಂಗ್ ನಡೆಯಿತು. ಮುಳ್ಳು, ಆಣಿ, ಶುಗರ್ ಗಾಯ. ಮೂರು ಹೆಸರು ಸಿಕ್ಕವು, ಮೂರಕ್ಕೂ ಮದ್ದು ಸಿಕ್ಕಿತು, ಕಲೆ ಮಾತ್ರ ದೊಡ್ಡದಾಗುತ್ತಲೇ ಹೋಯಿತು.

ಕೊನೆಗೆ ಚರ್ಮರೋಗದ ಡಾಕ್ಟರೊಬ್ಬರು ಕಾಲನ್ನು ಎತ್ತಿ ಸ್ಟೂಲಿನ ಮೇಲೆ ಇಡಿಸಿಕೊಂಡು, ಕೈಯಲ್ಲೊಂದು ಸಣ್ಣ ಲೆನ್ಸ್ ಹಿಡಿದು ಎರಡು ನಿಮಿಷ ನೋಡಿದರು. 'ತುಂಡು ತೆಗೆದು ಪರೀಕ್ಷೆಗೆ ಕಳಿಸೋಣ' ಅಂದರು. ಬಂದ ಉತ್ತರ ಮೆಲನೋಮ. ಅದರಲ್ಲೂ ಅಂಗೈ, ಅಂಗಾಲು, ಉಗುರಿನ ಬುಡದಲ್ಲಿ ಹುಟ್ಟುವ ಬಗೆ. ವೈದ್ಯರು ಅದಕ್ಕೆ ಅಕ್ರಲ್ ಲೆಂಟಿಜಿನಸ್ ಮೆಲನೋಮ ಅನ್ನುತ್ತಾರೆ. ರಿಚರ್ಡ್ ರೀಡ್ ಎಂಬ ಅಮೆರಿಕದ ವೈದ್ಯರು 1976ರಲ್ಲಿ ಇದನ್ನು ಬೇರೆಯದೇ ಬಗೆ ಎಂದು ಗುರುತಿಸಿ ಹೆಸರಿಟ್ಟರು.

ಹದಿನೆಂಟು ವರ್ಷದಿಂದ ಔಷಧಿ ಮಾರುತ್ತಿರುವ ನನಗೆ ಇದರ ಬಗ್ಗೆ ಗೊತ್ತಿದ್ದದ್ದು ಹೆಸರಷ್ಟೇ. ಆಮೇಲೆ ಓದಿದ್ದು, ವೈದ್ಯರನ್ನು ಕೇಳಿ ತಿಳಿದದ್ದು, ದೊಡ್ಡಪ್ಪನ ಫೈಲು ಹಿಡಿದು ಓಡಾಡುವಾಗ ಕಂಡದ್ದು ಇಲ್ಲಿದೆ.

ಬಿಸಿಲಿನ ಕಾಯಿಲೆ ಅಲ್ವಾ ಇದು?

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಗೆ ಮೆಲನೋಸೈಟ್ ಎನ್ನುತ್ತಾರೆ. ಚರ್ಮದ ಮೇಲ್ಪದರದ ತಳದಲ್ಲಿ ಅಲ್ಲೊಂದು ಇಲ್ಲೊಂದು ಕೂತಿರುತ್ತವೆ. ಇವು ಹುಟ್ಟಾ ಚರ್ಮದವಲ್ಲ. ಮಗು ಹೊಟ್ಟೆಯಲ್ಲಿ ರೂಪುಗೊಳ್ಳುವಾಗ ಬೆನ್ನುಹುರಿಯಾಗುವ ಜಾಗದ ಪಕ್ಕದಿಂದ ಹೊರಟು, ಮೈಯೆಲ್ಲ ನಡೆದುಕೊಂಡು ಬಂದು ಚರ್ಮದಲ್ಲಿ ನೆಲೆ ನಿಲ್ಲುತ್ತವೆ. ಅಂದರೆ ಊರು ಬಿಟ್ಟು ಊರಿಗೆ ಹೋಗುವ ಅಭ್ಯಾಸ ಇವಕ್ಕೆ ಮೊದಲಿಂದಲೂ ಇದೆ. ಇಂಥ ಕೋಶ ಕೆಟ್ಟು ಕ್ಯಾನ್ಸರ್ ಆದರೆ ಬೇಗ ಬೇರೆ ಕಡೆ ಹೊರಡುತ್ತದೆ. ಚರ್ಮದ ಕ್ಯಾನ್ಸರ್‌ಗಳಲ್ಲಿ ಜಾಸ್ತಿ ಕಾಣುವ ಬೇಸಲ್ ಸೆಲ್ ಎಂಬ ಬಗೆ ವರ್ಷಗಟ್ಟಲೆ ಒಂದೇ ಕಡೆ ಬಿದ್ದಿರುತ್ತದೆ, ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ. ಮೆಲನೋಮ ಹಾಗಲ್ಲ. ಬಟಾಣಿಯಷ್ಟು ಇರುವಾಗಲೇ ಶ್ವಾಸಕೋಶ, ಲಿವರ್, ಮಿದುಳಿನ ದಾರಿ ಹಿಡಿಯಬಲ್ಲದು.

ಮೆಲನೋಮ ಎಂದರೆ ಬಿಳಿಯರಿಗೆ ಬಿಸಿಲಿನಿಂದ ಬರುವ ಕಾಯಿಲೆ ಎಂದು ನಾವೆಲ್ಲ ಕೇಳಿದ್ದೇವೆ. ಅದು ಸುಳ್ಳೂ ಅಲ್ಲ. ಆಸ್ಟ್ರೇಲಿಯಾದಲ್ಲಿ ಅದು ಮನೆಮಾತು. ನಮ್ಮಲ್ಲಿ ಎಲ್ಲ ಬಗೆಯ ಮೆಲನೋಮ ಸೇರಿಸಿದರೂ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ. ನಮ್ಮ ಕಪ್ಪು, ಕಂದು ಮೈಬಣ್ಣವೇ ಕೊಡೆಯ ಕೆಲಸ ಮಾಡುತ್ತದೆ. ಆದರೆ ಅಂಗಾಲಿನ ಮೆಲನೋಮಕ್ಕೂ ಬಿಸಿಲಿಗೂ ಅಂಥ ನಂಟಿಲ್ಲ. ಅಂಗಾಲು ಬಿಸಿಲು ಕಾಣುವುದಾದರೂ ಯಾವಾಗ? ಅಮೆರಿಕದಲ್ಲಿ 1986ರಿಂದ 2005ರವರೆಗಿನ ಕ್ಯಾನ್ಸರ್ ದಾಖಲೆ ತೆಗೆದು ನೋಡಿದಾಗ ಈ ಬಗೆ ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು 1.8 ಮಂದಿಗೆ ಬಂದಿತ್ತು. ಬಿಳಿಯರಲ್ಲೂ ಕರಿಯರಲ್ಲೂ ಲೆಕ್ಕ ಹೆಚ್ಚುಕಡಿಮೆ ಒಂದೇ. ಉಳಿದ ಬಗೆಗಳು ಕರಿಯರಲ್ಲಿ ಕಡಿಮೆ ಇರುವುದರಿಂದ, ಅವರಿಗೆ ಬಂದ ಮೆಲನೋಮಗಳಲ್ಲಿ ಮೂರರಲ್ಲೊಂದಕ್ಕಿಂತ ಜಾಸ್ತಿ ಈ ಬಗೆಯದೇ ಆಗಿತ್ತು. ಹಾಗಾಗಿ ಮೆಲನೋಮ ನಮ್ಮಂಥವರನ್ನು ಹುಡುಕಿಕೊಂಡು ಬಂದರೆ ಕಾಲಿನ ಕಡೆಯಿಂದ ಬರುವುದು ಜಾಸ್ತಿ.

ಯಾಕೆ ಬರುತ್ತದೆ? ಹಿಮ್ಮಡಿ, ಹೆಬ್ಬೆರಳಿನ ಬುಡ, ಹೀಗೆ ಮೈಭಾರ ಬೀಳುವ ಜಾಗಗಳಲ್ಲಿ ಜಾಸ್ತಿ ಕಾಣುತ್ತದೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಹಾಗಂತ ಬರಿಗಾಲಲ್ಲಿ ನಡೆದಿದ್ದಕ್ಕೇ ಬಂತು ಅನ್ನಲು ಸಾಕ್ಷಿ ಇಲ್ಲ. ದೊಡ್ಡಪ್ಪ 'ಚಪ್ಪಲಿ ಹಾಕ್ಕಂಡಿದ್ರೆ ಬರ್ತಿರಲಿಲ್ವೇನೋ' ಅಂತ ಎಷ್ಟೋ ದಿನ ಕೊರಗಿದರು. ಆ ಕೊರಗಿಗೆ ಅರ್ಥವಿಲ್ಲ. ಜಿಲ್ಲೆಯ ಅರ್ಧ ಜನ ಬರಿಗಾಲಲ್ಲೇ ಗದ್ದೆಗೆ ಇಳಿಯುತ್ತಾರೆ.

ಏರು ಮತ್ತು ಸಾಲು

ಆ ಡಾಕ್ಟರು ಲೆನ್ಸ್ ಹಿಡಿದು ನೋಡಿದ್ದು ಏನನ್ನು? ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದೇ.

ಆ ಲೆನ್ಸಿಗೆ ಡರ್ಮೋಸ್ಕೋಪ್ ಎನ್ನುತ್ತಾರೆ. ಬೆಳಕೂ ಇರುವ ಭೂತಗನ್ನಡಿ ಅಂದುಕೊಳ್ಳಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನ ಹಾಗೆ ಗೆರೆಗಳಿವೆ, ಬಿಸಿಲಿಗೆ ಹಿಡಿದರೆ ಬರಿಗಣ್ಣಿಗೂ ಕಾಣುತ್ತವೆ. ಮಣ್ಣೇರಿಸಿದ ಮೆಕ್ಕೆಜೋಳದ ಹೊಲ ನೆನಪು ಮಾಡಿಕೊಳ್ಳಿ. ಒಂದು ಏರು, ಒಂದು ಸಾಲು, ಮತ್ತೆ ಏರು, ಮತ್ತೆ ಸಾಲು. ಏರಿನ ನೆತ್ತಿಯ ಮೇಲೆ ಬೀಜ ಹಾಕಿದ ಹಾಗೆ ಚುಕ್ಕಿಗಳಿರುತ್ತವೆ. ಅವು ಬೆವರಿನ ರಂಧ್ರಗಳು. ಸಾಮಾನ್ಯ ಮಚ್ಚೆಯಲ್ಲಿ ಬಣ್ಣ ಸಾಲಿನಲ್ಲಿ ನಿಂತಿರುತ್ತದೆ, ಮಳೆ ನೀರು ನಿಂತ ಹಾಗೆ. ಮೆಲನೋಮದಲ್ಲಿ ಬಣ್ಣ ಏರಿನ ಮೇಲೆ ಅಗಲವಾಗಿ ಹರಡಿರುತ್ತದೆ. ನೀರು ಸಾಲು ಬಿಟ್ಟು ಏರಿನ ಮೇಲೆ ನಿಂತಿದೆ ಎಂದರೆ ರೈತನಿಗೆ ಗೊತ್ತು, ಎಲ್ಲೋ ಎಡವಟ್ಟಾಗಿದೆ. ಡಾಕ್ಟರು ಇದನ್ನು ಹೇಳಿದಾಗ ದೊಡ್ಡಪ್ಪನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು.

ಈ ಗುಟ್ಟನ್ನು ಕಂಡುಹಿಡಿದವರು ಜಪಾನಿನ ಚರ್ಮವೈದ್ಯರು. ಅಲ್ಲಿಯೂ ಮೆಲನೋಮ ಅಂದರೆ ಹೆಚ್ಚಾಗಿ ಅಂಗಾಲಿನದೇ. 2004ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ನೂರು ಮೆಲನೋಮಗಳಲ್ಲಿ 86ರಲ್ಲಿ ಏರಿನ ಮೇಲೆ ಬಣ್ಣವಿತ್ತು. ಸಾಮಾನ್ಯ ಮಚ್ಚೆಗಳಲ್ಲಿ ಹಾಗಿದ್ದದ್ದು ನೂರಕ್ಕೆ ಒಂದರಲ್ಲಿ ಮಾತ್ರ. ಒಂದು ಸಣ್ಣ ಲೆನ್ಸಿಗೆ ಇದು ಕಡಿಮೆ ಸಾಧನೆಯಲ್ಲ.

ಆದರೂ ಲೆನ್ಸ್ ತೀರ್ಪು ಕೊಡುವುದಿಲ್ಲ, ಅನುಮಾನ ಮಾತ್ರ ಹೇಳುತ್ತದೆ. ತೀರ್ಪು ಬಯಾಪ್ಸಿಯದು. ಅಂದರೆ ತುಂಡು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು.

'ಕತ್ತರಿ ಹಾಕಿದ್ರೆ ಕೆರಳುತ್ತೆ'

ಇಲ್ಲಿ ನಮ್ಮ ಮನೆಯಲ್ಲಿ ಮೂರು ವಾರ ಹಾಳಾಯಿತು. ಚಿಕ್ಕಪ್ಪ ಒಬ್ಬರು 'ಅದಕ್ಕೆ ಕತ್ತರಿ ಹಾಕಿದ್ರೆ ಕೆರಳುತ್ತೆ, ಮೈಯೆಲ್ಲ ಹಬ್ಬುತ್ತೆ' ಅಂದರು. ಹಬ್ಬದ ದಿನ ಬೇರೆ. ಬಂದವರೆಲ್ಲ ತಲೆ ಆಡಿಸಿದರು. ಪಕ್ಕದೂರಿನ ನಾಟಿ ಔಷಧದ ಮಾತೂ ಬಂತು.

ಬಯಾಪ್ಸಿ ಮಾಡಿದ್ದರಿಂದ ಮೆಲನೋಮ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಈ ಮಾತು ಹುಟ್ಟಿದ್ದು ಹೇಗೆ ಅಂತ ಮಾತ್ರ ಊಹಿಸಬಹುದು. ಮೊದಲೆಲ್ಲ ಜನ ತೀರಾ ತಡವಾಗಿ ಬರುತ್ತಿದ್ದರು. ಬಯಾಪ್ಸಿ ಹೊತ್ತಿಗೆ ಅದು ಆಗಲೇ ಹರಡಿರುತ್ತಿತ್ತು. ಎರಡು ತಿಂಗಳಲ್ಲಿ ಮನುಷ್ಯ ಹೋದರೆ ತಪ್ಪು ಕತ್ತರಿಯ ತಲೆಗೆ.

ನಿಜವಾದ ಅಪಾಯ ಬೇರೆ ಇದೆ. ಏನು ಎತ್ತ ಎಂದು ನೋಡದೆ ಕಪ್ಪು ಗಂಟನ್ನು ಸುಟ್ಟು ತೆಗೆಯುವುದು, ಲೇಸರ್ ಹೊಡೆಯುವುದು, ಮೇಲ್ಮೇಲೆ ಹೆರೆದು ಬಿಸಾಕುವುದು. ಹಾಗೆ ಮಾಡಿದರೆ ಅದು ಏನಾಗಿತ್ತು, ಎಷ್ಟು ಆಳ ಇತ್ತು ಎಂಬ ಎರಡೂ ಲೆಕ್ಕ ಹೋಯಿತು. ಮೈಯಿಂದ ಕಿತ್ತ ಯಾವ ಕಪ್ಪು ತುಂಡೂ ಕಸದ ಬುಟ್ಟಿಗೆ ಹೋಗಬಾರದು, ತುಂಡು ಕೆಡದ ಹಾಗೆ ಕಾಯುವ ಫಾರ್ಮಾಲಿನ್ ದ್ರವದ ಡಬ್ಬಿಗೆ ಹೋಗಬೇಕು. ಕಲೆ ಚಿಕ್ಕದಿದ್ದರೆ ಸುತ್ತ ಒಂದೆರಡು ಮಿಲಿಮೀಟರ್ ಬಿಟ್ಟು ಪೂರ್ತಿ ತೆಗೆದು ಕಳಿಸುತ್ತಾರೆ. ದೊಡ್ಡದಿದ್ದರೆ ಅತಿ ದಪ್ಪಗಿರುವ ಕಡೆಯಿಂದ ಆಳವಾಗಿ ಒಂದು ತುಂಡು. ದೊಡ್ಡಪ್ಪನಿಗೆ ಮಾಡಿದ್ದು ಎರಡನೆಯದು. ಮರಗಟ್ಟುವ ಇಂಜೆಕ್ಷನ್, ಹದಿನೈದು ನಿಮಿಷ, ಎರಡು ಹೊಲಿಗೆ. 'ಇಂಜೆಕ್ಷನ್ನೇ ನೋವು, ಮಿಕ್ಕಿದ್ದು ಏನಿಲ್ಲ' ಅಂದರು. ಮೂರು ವಾರ ಕೂಡಿಸಿ ಕಾದದ್ದು ಇಷ್ಟಕ್ಕೆ.

ಎಟಿಎಂ ಕಾರ್ಡಿನ ದಪ್ಪ

ರಿಪೋರ್ಟ್ ಎರಡು ಪುಟ ಇತ್ತು. ಅದರಲ್ಲಿ ನಾನು ಹುಡುಕಿದ್ದು ಒಂದೇ ಅಂಕಿ. ಬ್ರೆಸ್ಲೋ ದಪ್ಪ 2.4 ಮಿ.ಮೀ. ಅಂತ ಬರೆದಿತ್ತು. ಕೆಳಗೆ 'ಹುಣ್ಣಾಗಿದೆ' ಅನ್ನುವುದಕ್ಕೆ ಇಂಗ್ಲಿಷಿನಲ್ಲೊಂದು ಸಾಲು.

ಅಲೆಕ್ಸಾಂಡರ್ ಬ್ರೆಸ್ಲೋ ಅಮೆರಿಕದ ರೋಗಶಾಸ್ತ್ರಜ್ಞ. 1970ರಲ್ಲಿ ಅವರು ಒಂದು ಸರಳ ಸಂಗತಿ ಹೇಳಿದರು. ಮೆಲನೋಮ ಎಷ್ಟು ಅಗಲ ಹರಡಿದೆ ಎಂಬುದಕ್ಕಿಂತ ಎಷ್ಟು ಆಳ ಇಳಿದಿದೆ ಎಂಬುದೇ ಮುಖ್ಯ. ಚರ್ಮದ ಮೇಲ್ಪದರದಿಂದ ಅತಿ ಕೆಳಗಿನ ಕ್ಯಾನ್ಸರ್ ಕೋಶದವರೆಗೆ ಅಳತೆಪಟ್ಟಿ ಇಟ್ಟ ಹಾಗೆ ಅಳೆಯುವುದು. ಅಂಗಾಲಿನ ಮೇಲಿನ ಗಟ್ಟಿ ಒಣ ಪದರ ಈ ಲೆಕ್ಕಕ್ಕಿಲ್ಲ, ಅದರ ಕೆಳಗಿನಿಂದ ಅಳತೆ ಶುರು. ಅವರು ನೋಡಿದ ರೋಗಿಗಳಲ್ಲಿ 0.76 ಮಿ.ಮೀ. ಗಿಂತ ತೆಳುವಾಗಿದ್ದವು ಹರಡಿರಲಿಲ್ಲ. ನಿಮ್ಮ ಜೇಬಿನಲ್ಲಿರುವ ಎಟಿಎಂ ಕಾರ್ಡು ತೆಗೆದು ಅಂಚು ನೋಡಿ. ಅದರ ದಪ್ಪ ಸರಿಯಾಗಿ ಅಷ್ಟೇ, 0.76 ಮಿ.ಮೀ.

ಈಗಿನ ಲೆಕ್ಕದಲ್ಲಿ ಗೆರೆ ಎಳೆಯುವುದು 1, 2 ಮತ್ತು 4 ಮಿಲಿಮೀಟರಿಗೆ. ಒಂದರೊಳಗಿದ್ದರೆ ತೆಳು. ನಾಲ್ಕು ದಾಟಿದರೆ ದಪ್ಪ. ಮೇಲೆ ಹುಣ್ಣಾಗಿದ್ದರೆ ಅಷ್ಟೇ ದಪ್ಪಕ್ಕೆ ಅಪಾಯ ಇನ್ನೊಂದು ಮೆಟ್ಟಿಲು ಮೇಲೆ. ದೊಡ್ಡಪ್ಪನದು ಮೂರು ಎಟಿಎಂ ಕಾರ್ಡು ಒಂದರ ಮೇಲೊಂದು ಇಟ್ಟಷ್ಟು. ಎರಡು ವರ್ಷದ ಹಿಂದೆ ಅದು ಎಷ್ಟಿತ್ತೋ. ನಾನು ಮೊದಲ ಕಾರ್ನ್ ಕ್ಯಾಪ್ ಕೊಟ್ಟ ದಿನ ಒಂದು ಕಾರ್ಡಿನಷ್ಟಿತ್ತೇನೋ. ಇದನ್ನು ನಾನು ಜಾಸ್ತಿ ಯೋಚಿಸಲು ಹೋಗುವುದಿಲ್ಲ.

ಅಮೆರಿಕದ ಅದೇ ದಾಖಲೆಯಲ್ಲಿ, ಎಲ್ಲ ಮೆಲನೋಮಗಳನ್ನೂ ಒಟ್ಟಿಗೆ ನೋಡಿದರೆ ನೂರರಲ್ಲಿ 91 ಮಂದಿ ಐದು ವರ್ಷದ ನಂತರವೂ ಆ ಕಾಯಿಲೆಯಿಂದ ಸತ್ತಿರಲಿಲ್ಲ. ಅಂಗೈ-ಅಂಗಾಲಿನ ಬಗೆಯಲ್ಲಿ ಅದು 80. ಹತ್ತು ವರ್ಷಕ್ಕೆ ನೋಡಿದರೆ 87ಕ್ಕೆ 67. ಈ ಬಗೆ ಹುಟ್ಟಾ ಕ್ರೂರವೋ, ಅಥವಾ ಜನ ತಡವಾಗಿ ಬರುತ್ತಾರೋ ಎಂಬ ಚರ್ಚೆ ಇದೆ. ಎರಡೂ ಸ್ವಲ್ಪ ಸ್ವಲ್ಪ ನಿಜ ಎಂದು ಕಾಣುತ್ತದೆ. ಅಂಗಾಲನ್ನು ಯಾರು ನೋಡಿಕೊಳ್ಳುತ್ತಾರೆ ಹೇಳಿ. ಮುಖದಲ್ಲಿ ಒಂದು ಮೊಡವೆ ಎದ್ದರೆ ಮಾರನೇ ದಿನ ಅಂಗಡಿಗೆ ಬರುತ್ತೇವೆ.

ಹಿಮ್ಮಡಿ ತೆಗೆದರೆ ನಡೆಯುವುದು ಹೇಗೆ

ಚಿಕಿತ್ಸೆಯ ಬುಡ ಆಪರೇಷನ್. ಕಲೆಯ ಸುತ್ತ ಆರೋಗ್ಯವಾದ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ. ಒಂದು ಮಿಲಿಮೀಟರ್ ಒಳಗಿನ ತೆಳು ಮೆಲನೋಮಕ್ಕೆ ಸುತ್ತ 1 ಸೆಂ.ಮೀ., ಎರಡು ಮಿಲಿಮೀಟರ್ ದಾಟಿದ್ದಕ್ಕೆ 2 ಸೆಂ.ಮೀ. ಹೊಟ್ಟೆಯ ಮೇಲೆ, ಬೆನ್ನ ಮೇಲೆ ಇದು ಸುಲಭ. ಚರ್ಮ ಎಳೆದು ಹೊಲಿದರಾಯಿತು. ಹಿಮ್ಮಡಿಯಲ್ಲಿ ಎಳೆಯಲು ಚರ್ಮ ಎಲ್ಲಿದೆ? ತೊಡೆಯ ತೆಳು ಚರ್ಮ ತಂದು ಅಂಟಿಸಬಹುದು, ಆದರೆ ಅದು ಮೈಭಾರ ತಡೆಯುವ ಚರ್ಮವಲ್ಲ. ಅದಕ್ಕೆ ಪ್ಲಾಸ್ಟಿಕ್ ಸರ್ಜನ್ ಅದೇ ಪಾದದ ನಡುವಿನ ಕಮಾನಿನ ಒಳಬದಿಯಿಂದ, ನೆಲಕ್ಕೆ ತಾಗದ ಜಾಗದಿಂದ, ಚರ್ಮವನ್ನು ಅದರ ರಕ್ತನಾಳದ ಸಮೇತ ಬಿಡಿಸಿ ಹಿಮ್ಮಡಿಗೆ ತಿರುಗಿಸಿ ಕೂರಿಸುತ್ತಾರೆ. ತೊಡೆಯ ಚರ್ಮ ಕಮಾನಿಗೆ ಹೋಗುತ್ತದೆ. ಅಂಗಾಲಿನ ಚರ್ಮಕ್ಕೆ ಅಂಗಾಲಿನ ಚರ್ಮವೇ ಸಾಟಿ.

ಬೆರಳಿಗೆ ಬಂದರೆ ಬೆರಳು ತೆಗೆಯಬೇಕಾಗಬಹುದು. ಗಾಯಕ ಬಾಬ್ ಮಾರ್ಲಿಯ ಕಥೆ ಇದಕ್ಕೆ ಯಾವಾಗಲೂ ಎದುರಿಗೆ ಬರುತ್ತದೆ. 1977ರಲ್ಲಿ ಕಾಲ್ಬೆರಳಿನ ಉಗುರಿನ ಕೆಳಗೆ ಸಿಕ್ಕ ಮೆಲನೋಮವನ್ನು ಮೊದಲು ಫುಟ್ಬಾಲ್ ಪೆಟ್ಟು ಅಂದುಕೊಂಡಿದ್ದರು. ಬೆರಳು ತೆಗೆಯಲು ಅವರು ಒಪ್ಪಲಿಲ್ಲ. ಅದು ಮಿದುಳಿನವರೆಗೆ ಹರಡಿ 1981ರ ಮೇ 11ರಂದು ತೀರಿಕೊಂಡರು, 36ನೇ ವಯಸ್ಸಿಗೆ. ಪ್ರಪಂಚ ಸುತ್ತಿದ ಮನುಷ್ಯನಿಗೂ ಮೊದಲು ಸಿಕ್ಕ ಹೆಸರು 'ಪೆಟ್ಟು', ನಮ್ಮ ದೊಡ್ಡಪ್ಪನಿಗೆ 'ಮುಳ್ಳು'.

ಆಪರೇಷನ್ ದಿನವೇ ಇನ್ನೊಂದು ಕೆಲಸವಿದೆ. ಕಾಲಿನಿಂದ ಹೊರಟ ಕ್ಯಾನ್ಸರ್ ಕೋಶ ಮೊದಲು ಇಳಿಯುವ ನಿಲ್ದಾಣ ತೊಡೆಸಂದಿಯ ದುಗ್ಧರಸ ಗ್ರಂಥಿ (ಲಿಂಫ್ ನೋಡ್). ಅಲ್ಲಿ ಹತ್ತಾರು ಗ್ರಂಥಿಗಳಿವೆ, ಎಲ್ಲವನ್ನೂ ಕಿತ್ತರೆ ಕಾಲು ಬಾತುಕೊಂಡು ಜೀವನಪೂರ್ತಿ ಕಾಟ ಕೊಡಬಹುದು. ಡೊನಾಲ್ಡ್ ಮಾರ್ಟನ್ ಎಂಬ ಸರ್ಜನ್ 1992ರಲ್ಲಿ ಒಂದು ಜಾಣತನದ ದಾರಿ ತೋರಿಸಿದರು. ಕಲೆ ಇರುವ ಜಾಗಕ್ಕೆ ನೀಲಿ ಬಣ್ಣ ಚುಚ್ಚುವುದು. ಬಣ್ಣ ಹರಿದು ಹೋಗಿ ಮೊದಲು ಯಾವ ಗ್ರಂಥಿ ನೀಲಿಯಾಗುತ್ತದೋ ಅದನ್ನು ಮಾತ್ರ ತೆಗೆದು ಪರೀಕ್ಷಿಸುವುದು. ಈಗ ಬಣ್ಣದ ಜೊತೆ ಸ್ವಲ್ಪ ವಿಕಿರಣ ಸೂಸುವ ದ್ರವವನ್ನೂ ಬಳಸುತ್ತಾರೆ, ಗ್ರಂಥಿ ಎಲ್ಲಿದೆ ಎಂದು ಯಂತ್ರ ಕೂಗಿ ಹೇಳುತ್ತದೆ. ಈ ಮೊದಲ ಗ್ರಂಥಿ, ಅಂದರೆ ಕಾವಲಿನ ಗ್ರಂಥಿ, ಶುದ್ಧವಾಗಿದ್ದರೆ ಮುಂದಿನವಕ್ಕೆ ಹೋಗಿಲ್ಲ ಎಂದು ಬಹುಮಟ್ಟಿಗೆ ನಂಬಬಹುದು. ಅದರಲ್ಲಿ ಸೂಕ್ಷ್ಮವಾಗಿ ಕ್ಯಾನ್ಸರ್ ಸಿಕ್ಕರೂ ಉಳಿದ ಗ್ರಂಥಿಗಳನ್ನೆಲ್ಲ ಆಗಲೇ ಕೀಳುವುದರಿಂದ ಆಯುಷ್ಯ ಹೆಚ್ಚುವುದಿಲ್ಲ ಎಂದು 2017ರ ದೊಡ್ಡ ಅಧ್ಯಯನವೊಂದು ತೋರಿಸಿತು. ಸ್ಕ್ಯಾನ್ ಮಾಡಿಸುತ್ತಾ ಕಣ್ಣಿಟ್ಟಿರುವುದೇ ಈಗಿನ ಪದ್ಧತಿ. ದೊಡ್ಡಪ್ಪನ ಎರಡು ಗ್ರಂಥಿ ತೆಗೆದರು. ಎರಡೂ ಶುದ್ಧ.

ಎತ್ತಿನ ಮೂಗುದಾರ

ಹರಡಿದ್ದರೆ? ಹತ್ತು ಹದಿನೈದು ವರ್ಷದ ಹಿಂದೆ ಈ ಪ್ರಶ್ನೆಗೆ ಕೊಡುವಂಥ ಉತ್ತರ ಇರಲಿಲ್ಲ. ಕೀಮೋ ಕೊಡುತ್ತಿದ್ದರು, ಮೆಲನೋಮ ಅದಕ್ಕೆ ಅಷ್ಟಾಗಿ ಬಗ್ಗುತ್ತಿರಲಿಲ್ಲ.

ಬದಲಾದದ್ದು ಇಮ್ಯುನೋಥೆರಪಿಯಿಂದ. ನಮ್ಮ ರಕ್ತದಲ್ಲಿ ಟಿ-ಕೋಶಗಳೆಂಬ ಕಾವಲುಗಾರರಿದ್ದಾರೆ. ಬಲವಾದ ಎತ್ತಿನ ಹಾಗೆ. ಆ ಎತ್ತು ಮನೆಯವರನ್ನೇ ಹಾಯಬಾರದು ಎಂದು ದೇಹ ಅದಕ್ಕೊಂದು ಮೂಗುದಾರ ಹಾಕಿದೆ. ಕ್ಯಾನ್ಸರ್ ಕೋಶ ಮಾಡುವ ಕಿತಾಪತಿ ಏನೆಂದರೆ, ಆ ಮೂಗುದಾರವನ್ನೇ ಹಿಡಿದು ಜಗ್ಗಿ ನಿಲ್ಲಿಸಿಬಿಡುತ್ತದೆ. ಎತ್ತು ಎದುರಿಗೇ ಇದ್ದರೂ ಹಾಯುವುದಿಲ್ಲ. ಪೆಂಬ್ರೋಲಿಜುಮ್ಯಾಬ್, ನಿವೊಲುಮ್ಯಾಬ್ ಎಂಬ ಔಷಧಿಗಳು ಮೂಗುದಾರಕ್ಕೆ ಕ್ಯಾನ್ಸರಿನ ಕೈ ಸಿಗದ ಹಾಗೆ ಮಾಡುತ್ತವೆ. ಆಮೇಲೆ ಎತ್ತು ತನ್ನ ಕೆಲಸ ನೋಡಿಕೊಳ್ಳುತ್ತದೆ. ಈ ಬಗೆಯ ಮೊದಲ ಔಷಧಿ ಇಪಿಲಿಮುಮ್ಯಾಬ್‌ಗೆ 2011ರಲ್ಲಿ, ಉಳಿದೆರಡಕ್ಕೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೂಲ ಸಂಶೋಧನೆಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು.

ಬಿಟ್ಟ ಎತ್ತು ಸ್ವಂತ ಪೈರಿಗೂ ನುಗ್ಗಬಹುದು. ಥೈರಾಯ್ಡ್, ಕರುಳು, ಶ್ವಾಸಕೋಶ, ಲಿವರಿನಲ್ಲಿ ಉರಿಯೂತ ಬರಬಹುದು. ಈ ಔಷಧಿ ತಗೊಳ್ಳುತ್ತಿರುವವರಿಗೆ ಭೇದಿ ಶುರುವಾದರೆ ಅಂಗಡಿಗೆ ಬಂದು ಮಾತ್ರೆ ಕೇಳಬಾರದು, ನೇರ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಬೇಕು. ಮೆಡಿಕಲ್ ಶಾಪಿನವನಾಗಿ ಇದನ್ನು ಒತ್ತಿ ಹೇಳುತ್ತೇನೆ.

ಇನ್ನೊಂದು ಕಹಿ ಮಾತೂ ಇದೆ. ಬಿಸಿಲಿನ ಮೆಲನೋಮಕ್ಕೆ ಈ ಔಷಧಿಗಳು ಕೊಡುವ ಫಲವನ್ನು ಅಂಗಾಲಿನ ಬಗೆಗೆ ಅಷ್ಟಾಗಿ ಕೊಡುವುದಿಲ್ಲ. ಬಿಸಿಲು ಚರ್ಮದ ವಂಶವಾಹಿಗಳಲ್ಲಿ ಸಾವಿರಾರು ಗೀರು ಮೂಡಿಸಿರುತ್ತದೆ, ಅಷ್ಟು ಗೀರು ಕಂಡಾಗ ಕಾವಲುಗಾರನಿಗೆ 'ಇವನು ಪರಕೀಯ' ಎಂದು ಗೊತ್ತಾಗುವುದು ಸುಲಭ. ಅಂಗಾಲಿನ ಮೆಲನೋಮದಲ್ಲಿ ಅಂಥ ಗೀರು ಕಡಿಮೆ. ನಮ್ಮವರ ಹಾಗೇ ಕಾಣುವ ಕಳ್ಳ.

ಹಾಗಾಗಿ ಗೆಡ್ಡೆಯ ಜೀನ್ ಪರೀಕ್ಷೆ ಮಾಡಿಸುತ್ತಾರೆ. ಬಿ-ರಾಫ್ ಎಂಬ ಜೀನ್ ಕೆಟ್ಟಿದ್ದರೆ ಅದಕ್ಕೆ ಡಬ್ರಾಫೆನಿಬ್, ಟ್ರಾಮೆಟಿನಿಬ್ ಜೋಡಿ ಮಾತ್ರೆ. ಬಿಸಿಲಿನ ಬಗೆಯಲ್ಲಿ ಹತ್ತಿರ ಹತ್ತಿರ ಅರ್ಧ ಜನರಲ್ಲಿ ಇದು ಕೆಟ್ಟಿರುತ್ತದೆ, ಅಂಗಾಲಿನದರಲ್ಲಿ ಅದಕ್ಕಿಂತ ಬಹಳ ಕಡಿಮೆ. ಕಿಟ್ ಎಂಬ ಜೀನ್ ಮಾತ್ರ ಅಂಗಾಲಿನದರಲ್ಲಿ ಕೆಟ್ಟಿರುವುದು ಜಾಸ್ತಿ. ಅಂಥ ಕೆಲವರಿಗೆ ಇಮಾಟಿನಿಬ್ ಮಾತ್ರೆ ಕೆಲಸ ಮಾಡುತ್ತದೆ. ಇದು ರಕ್ತದ ಕ್ಯಾನ್ಸರಿಗೆ ಕೊಡುವ ಹಳೇ ಮಾತ್ರೆಯೇ. ಅದರ ಪೇಟೆಂಟ್ ಬೇಡಿಕೆಯನ್ನು 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದರಿಂದ ಭಾರತದ ಕಂಪನಿಗಳ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ. ಇಮ್ಯುನೋಥೆರಪಿ ಹಾಗಲ್ಲ. ವರ್ಷದ ಖರ್ಚು ಹೊಲ ಮಾರಿಸುವ ಮಟ್ಟದ್ದು.

ದುಡ್ಡು, ದಾರಿ

ಇದನ್ನು ಬೇಗ ಹೇಳಿಬಿಡುತ್ತೇನೆ. ಲೆನ್ಸಿನ ಪರೀಕ್ಷೆ, ಬಯಾಪ್ಸಿ ಎರಡಕ್ಕೂ ಬೆಂಗಳೂರಿಗೆ ಹೋಗಬೇಕಿಲ್ಲ. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಆಪರೇಷನ್, ಗ್ರಂಥಿ ಪರೀಕ್ಷೆ, ಮುಂದಿನ ಔಷಧಿಗೆ ಕ್ಯಾನ್ಸರ್ ಆಸ್ಪತ್ರೆಯೇ ಬೇಕು. ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ 260 ಕಿ.ಮೀ., ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಅದಕ್ಕಿಂತ ಹತ್ತಿರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್, ರೆಫರಲ್ ಚೀಟಿ ಮೂರನ್ನೂ ಎರಡೆರಡು ಜೆರಾಕ್ಸ್ ಮಾಡಿಸಿ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಬಯಾಪ್ಸಿಯ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್ ಕೇಳಿ ಪಡೆದುಕೊಳ್ಳಿ. ಬರೀ ರಿಪೋರ್ಟ್ ಸಾಲದು, ದೊಡ್ಡ ಆಸ್ಪತ್ರೆಯವರು ಸ್ಲೈಡನ್ನು ತಾವೇ ನೋಡುತ್ತಾರೆ. ನಾವು ಅದನ್ನು ಬಿಟ್ಟು ಹೋಗಿ ಒಂದು ದಿನದ ಬಸ್ ಚಾರ್ಜು ಕಳೆದುಕೊಂಡೆವು.

ಹಾಗಾದರೆ ಯಾವುದಕ್ಕೆ ಹೆದರಬೇಕು?

ಅಂಗಾಲಿನ ಕಪ್ಪೆಲ್ಲ ಕ್ಯಾನ್ಸರ್ ಅಂತ ಹೆದರಿ ಓಡಬೇಕಿಲ್ಲ. ಬಹುತೇಕ ಕಲೆಗಳು ಏನೂ ಅಲ್ಲ. ಓಡಾಟದಲ್ಲಿ ಹಿಮ್ಮಡಿಗೆ ತಿಕ್ಕಿ ರಕ್ತ ಹೆಪ್ಪುಗಟ್ಟಿ ಕಪ್ಪಾಗುವುದುಂಟು. ಚರ್ಮ ಬೆಳೆದ ಹಾಗೆ ಅದು ತಾನೇ ಉದುರುತ್ತದೆ. ಉಗುರಿನ ಕೆಳಗೆ ಪೆಟ್ಟಿನ ರಕ್ತ ನಿಂತಿದ್ದರೆ ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಎರಡು ತಿಂಗಳಲ್ಲಿ ಕಪ್ಪು ಮುಂದೆ ಸರಿದು ಬುಡದಲ್ಲಿ ಹೊಸ ಉಗುರು ಕಂಡರೆ ಅದು ರಕ್ತ. ಅಲ್ಲೇ ನಿಂತಿದ್ದರೆ ತೋರಿಸಿ. ನಮ್ಮ ಮೈಬಣ್ಣದವರಿಗೆ ಹಲವು ಉಗುರುಗಳಲ್ಲಿ ಉದ್ದುದ್ದ ಕಪ್ಪು ಗೆರೆ ಇರುವುದು ಮಾಮೂಲು. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು ಅಗಲವಾಗುತ್ತಾ ಹೋಗುವುದು ಮಾಮೂಲಲ್ಲ. ಆ ಕಪ್ಪು ಉಗುರು ದಾಟಿ ಬುಡದ ಚರ್ಮಕ್ಕೂ ಇಳಿದಿದ್ದರೆ ಅದೇ ವಾರ ಹೋಗಬೇಕು. ಜೊನಾಥನ್ ಹಚಿನ್ಸನ್ ಎಂಬ ಇಂಗ್ಲೆಂಡಿನ ವೈದ್ಯರು 1886ರಲ್ಲೇ ಇದನ್ನು ಬರೆದಿಟ್ಟಿದ್ದಾರೆ, ಆ ಲಕ್ಷಣಕ್ಕೆ ಅವರದೇ ಹೆಸರು.

ಅಂಗಾಲಿನಲ್ಲಾದರೆ ಬಣ್ಣ ಏಕವಾಗಿಲ್ಲದಿರುವುದು, ಅಂಚು ಚೆಲ್ಲಿದ ಮಸಿಯ ಹಾಗಿರುವುದು, ದೊಡ್ಡದಾಗುತ್ತಿರುವುದು, ಒಸರುವುದು, ಯಾವ ಮದ್ದಿಗೂ ಎರಡು ತಿಂಗಳಲ್ಲಿ ಮಾಯದಿರುವುದು, ಮತ್ತು ಇದೇನು ಅಂತ ಯಾರಿಗೂ ಖಚಿತವಾಗಿ ಹೇಳಲಾಗದಿರುವುದು. ಈ ಕೊನೆಯದೂ ಒಂದು ಲಕ್ಷಣವೇ, ವೈದ್ಯರ ಪಟ್ಟಿಯಲ್ಲೇ ಇದೆ. ಕಪ್ಪು ಬಣ್ಣವೇ ಇಲ್ಲದ, ಗುಲಾಬಿ ಮಾಂಸದ ಹಾಗೆ ಕಾಣುವ ಮೆಲನೋಮವೂ ಉಂಟು. ಅದನ್ನು ನರುಳ್ಳೆ ಅಂತಲೋ ಶುಗರ್ ಗಾಯ ಅಂತಲೋ ತಿಂಗಳುಗಟ್ಟಲೆ ಡ್ರೆಸಿಂಗ್ ಮಾಡುವುದು ಸುಲಭದ ತಪ್ಪು.

ಈಗ ದೊಡ್ಡಪ್ಪ ಮೆತ್ತನೆ ಅಟ್ಟೆಯ ಎಂಸಿಆರ್ ಚಪ್ಪಲಿ ಹಾಕಿಕೊಂಡು ಹೊಲಕ್ಕೆ ಹೋಗುತ್ತಾರೆ. ಸ್ವಲ್ಪ ಕುಂಟುತ್ತಾರೆ. ಮೂರು ತಿಂಗಳಿಗೊಮ್ಮೆ ಆಸ್ಪತ್ರೆ. ಅಲ್ಲಿ ಡಾಕ್ಟರು ಗಾಯದ ಅಂಚು, ಎರಡೂ ಅಂಗಾಲು, ಬೆರಳ ಸಂದಿ ನೋಡಿ, ತೊಡೆಸಂದಿಯನ್ನು ಒತ್ತಿ ಗಂಟು ಇದೆಯೇ ಎಂದು ಪರೀಕ್ಷಿಸುತ್ತಾರೆ. ನಡುವೆ ಮನೆಯಲ್ಲೂ ನೋಡಿಕೊಳ್ಳಿ ಅಂದಿದ್ದಾರೆ. ತಾರೀಖು ನೆನಪಿರುವುದಿಲ್ಲ ಅಂತ ದೊಡ್ಡಮ್ಮ ಅದನ್ನು ಅಮಾವಾಸ್ಯೆಗೆ ಇಟ್ಟುಕೊಂಡಿದ್ದಾರೆ. ಎತ್ತುಗಳ ಮೈ ತೊಳೆದು, ಪೂಜೆ ಮುಗಿಸಿ, ಕಟ್ಟೆಯ ಮೇಲೆ ಕೂತು ಬ್ಯಾಟರಿ ಹಿಡಿದು ಕಾಲು ನೋಡುತ್ತಾರೆ. ಕಳೆದ ಅಮಾವಾಸ್ಯೆಗೆ ನಾನು ಹೋಗಿದ್ದೆ. 'ನಿಂದೂ ತೋರ್ಸು' ಅಂತ ನನ್ನ ಕಾಲನ್ನೂ ಎಳೆದುಕೊಂಡರು. ಬೆರಳ ಸಂದಿ ಬಿಡಿಸಿ ಬಿಡಿಸಿ ನೋಡಿ, 'ಹಿಮ್ಮಡಿ ಒಡ್ದೈತೆ ಅಷ್ಟೇ. ಅಂಗಡೀಲಿ ಅಷ್ಟು ಮುಲಾಮು ಇಟ್ಕಂಡು ನೀನೇ ಹಚ್ಕಳಲ್ವಲ್ಲೋ' ಅಂದರು.